ಬಿದ್ದ ರಣಹದ್ದೂ ನಾವು ಕೇಳದ ಪ್ರಶ್ನೆಯೂ

೧

ಎರಡು ವರ್ಷಗಳ ಹಿಂದೆ ಬೇಸಗೆಯ ರಜೆಯಲ್ಲಿ ನಾನು ನನ್ನ ಸೋದರಮಾವನವರ ಊರಿಗೆ ಹೋಗಿದ್ದೆನು. ಅದು ಮೈಸೂರು ಸೀಮೆಯ ದಕ್ಷಿಣದ ಅಂಚಿನಲ್ಲಿ, ಬಂಡೀಪುರದ ಕಾಡಿಗೆ ಸಮೀಪವಾಗಿರುವ ಒಂದು ಸಣ್ಣ ಗ್ರಾಮ. ಒಂದು ದಿನ ಬೆಳಗ್ಗೆ ದನ ಕಾಯುವ ಹುಡುಗರು ಓಡಿಬಂದು, ಊರ ಹೊರಗಿನ ಹುಣಸೆಯ ಮರದ ಬುಡದಲ್ಲಿ ಒಂದು ದೊಡ್ಡ ಹಕ್ಕಿ ಕುಳಿತಿದೆಯೆಂದೂ, ಹತ್ತಿರ ಹೋದರೂ ಅದು ಹಾರುವುದಿಲ್ಲವೆಂದೂ ಹೇಳಿದರು. ನಾವು ಹೋಗಿ ನೋಡುವ ಹೊತ್ತಿಗೆ ಅಲ್ಲಿ ಅರ್ಧ ಊರೇ ನೆರೆದಿತ್ತು. ಕರಿಯ ಮೈ, ಬೋಳು ಕತ್ತು, ಕತ್ತಿನ ಬುಡದಲ್ಲಿ ಬಿಳಿಯ ತುಪ್ಪುಳಿನ ಪಟ್ಟಿ, ಬೆನ್ನಿನ ಕೆಳಭಾಗದಲ್ಲಿ ಬೆಳ್ಳನೆಯ ಗುರುತು: ಅದು ಬಿಳಿಬೆನ್ನಿನ ರಣಹದ್ದೆಂಬುದರಲ್ಲಿ ಸಂಶಯವಿರಲಿಲ್ಲ. ನಮ್ಮ ತಾತಂದಿರು ಊರ ಗುಂಡುತೋಪಿನಲ್ಲಿ ಹಿಂಡುಹಿಂಡಾಗಿ ಕಂಡಿದ್ದ ಈ ಹಕ್ಕಿಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದುದು ಅದೇ ಮೊದಲು. ಅದರ ತಲೆ ಮೆಲ್ಲಮೆಲ್ಲನೆ ಬಾಗಿ ಕೊಕ್ಕು ಎದೆಗೆ ತಾಗುತ್ತಿತ್ತು, ಬೆಚ್ಚಿದಂತೆ ಒಮ್ಮೆ ಮೇಲಕ್ಕೆ ಏಳುತ್ತಿತ್ತು, ಮತ್ತೆ ಬಾಗುತ್ತಿತ್ತು. ನಿದ್ದೆ ತಡೆಯಲಾರದೆ ತೂಕಡಿಸುವ ಮುದುಕರಂತೆ ಅದು ಕುಳಿತಿತ್ತು.

ನೆರೆದವರು ತಮ್ಮ ತಮ್ಮ ಮನಸ್ಸಿಗೆ ತೋರಿದಂತೆ ನಡೆದುಕೊಂಡರು. ಹುಡುಗಿಯೊಬ್ಬಳು ಚೆಂಬಿನಲ್ಲಿ ನೀರು ತಂದಿಟ್ಟಳು. ಅಜ್ಜಿಯೊಬ್ಬರು, "ಇದು ಜಟಾಯುವಿನ ಕುಲ ಕಣಪ್ಪಾ, ಮುಟ್ಟಬೇಡಿ" ಎಂದು ದೂರದಿಂದಲೇ ಕುಂಕುಮ ಚೆಲ್ಲಿ ಕೈಮುಗಿದರು. ಅಪಶಕುನವೆಂದು ಅದನ್ನು ಅಟ್ಟಹೊರಟವರೂ ಇದ್ದರು. ತರುಣರು ತಮ್ಮ ಮೊಬೈಲುಗಳನ್ನು ತೆಗೆದು ಹಕ್ಕಿಯ ಪಕ್ಕದಲ್ಲಿ ತಾವು ನಿಂತ ಚಿತ್ರಗಳನ್ನು ಹಿಡಿದುಕೊಂಡರು. ಮಧ್ಯಾಹ್ನಕ್ಕೆ ಇಲಾಖೆಯವರು ಬಂದು ಅದನ್ನು ಗೋಣಿ ಹಾಸಿದ ಬುಟ್ಟಿಯಲ್ಲಿಟ್ಟು ಕೊಂಡೊಯ್ದರು. ಮೂರನೆಯ ದಿನ ಅದು ಸತ್ತಿತೆಂದೂ, ಹೂವಿನ ಹಾರ ಹಾಕಿ ಗೌರವದಿಂದ ಮಣ್ಣು ಮಾಡಿದರೆಂದೂ ಸುದ್ದಿ ಬಂದಿತು. ಊರಿನವರಿಗೆ ಸಮಾಧಾನವಾಯಿತು.

ನನಗೆ ಸಮಾಧಾನವಾಗಲಿಲ್ಲ. ಸಂಬಂಧಪಟ್ಟವರೊಬ್ಬರನ್ನು ಕಂಡು, "ಸ್ವಾಮಿ, ಹೂಳುವ ಮೊದಲು ಅದರ ಹೊಟ್ಟೆಯನ್ನು ತೆರೆದು ನೋಡಿದಿರಾ?" ಎಂದು ಕೇಳಿದೆನು. ಅವರು ಸಜ್ಜನರು, ನನ್ನ ಮೇಲೆ ಸಿಟ್ಟಾಗಲಿಲ್ಲ. "ಸತ್ತ ಹಕ್ಕಿ. ವಯಸ್ಸಾಗಿತ್ತೋ, ಬಿಸಿಲು ಹೊಡೆಯಿತೋ, ಯಾರಿಗೆ ಗೊತ್ತು?" ಎಂದರು.

"ಯಾರಿಗೆ ಗೊತ್ತು" ಎಂಬ ಈ ಮಾತಿನ ಮೇಲೆಯೇ ನನ್ನ ಈ ಲೇಖನ. ಆ ಹಕ್ಕಿ ಯಾವುದರಿಂದ ಸತ್ತಿತೆಂಬುದನ್ನು ನಾನು ಹೇಳಲಾರೆನು. ಇನ್ನು ಮುಂದೆ ಯಾರೂ ಹೇಳಲಾರರು. ತಿಳಿಯುವ ಸಾಧ್ಯತೆಯಿದ್ದಾಗ ಅದನ್ನು ಹಾರದೊಡನೆ ಹೂಳಿಬಿಟ್ಟೆವು. ನಾವು ಆ ಹಕ್ಕಿಗೆ ನೀರು ಕೊಟ್ಟೆವು, ಕುಂಕುಮ ಕೊಟ್ಟೆವು, ಹೂವು ಕೊಟ್ಟೆವು. ಅದಕ್ಕೆ ಸಲ್ಲಬೇಕಾಗಿದ್ದ ಒಂದು ಪ್ರಶ್ನೆಯನ್ನು ಮಾತ್ರ ಕೊಡಲಿಲ್ಲ.

೨

ವಾಚಕ ಮಹಾಶಯರಿಗೆ ರಾಮಾಯಣದ ಆ ಸಂದರ್ಭವನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಅದರ ಕ್ರಮವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಸೀತೆಯನ್ನು ಹುಡುಕುತ್ತ ಬಂದ ರಾಮನು ರಕ್ತದಲ್ಲಿ ನೆನೆದು ಬಿದ್ದಿದ್ದ ಜಟಾಯುವನ್ನು ಕಂಡೊಡನೆ ಅಪ್ಪಿಕೊಂಡನೇ? ಇಲ್ಲ. ವಾಲ್ಮೀಕಿಗಳ ಕಥೆಯಲ್ಲಿ ಅವನು ಮೊದಲು ಸಂದೇಹಪಟ್ಟನು. ಹದ್ದಿನ ರೂಪದಲ್ಲಿರುವ ರಾಕ್ಷಸನಿವನು, ಸೀತೆಯನ್ನು ತಿಂದು ಸುಖವಾಗಿ ಬಿದ್ದುಕೊಂಡಿದ್ದಾನೆ ಎಂದು ಬಗೆದು ಬಿಲ್ಲಿಗೆ ಬಾಣವನ್ನೇರಿಸಿದನು. ರಕ್ತ ಮೆತ್ತಿದ ಕೊಕ್ಕನ್ನು ಕಂಡರೆ ರಾಮನಂಥವನಿಗೂ ಮೊದಲು ತೋರಿದುದು ಇದೇ. ಜಟಾಯು ಬಾಯಿ ಬಿಟ್ಟು ಹೇಳಿದ ಮೇಲೆ ಅವನು ಬಿಲ್ಲನ್ನು ಬಿಸುಟನು, ಅಪ್ಪಿಕೊಂಡು ಅತ್ತನು. ಅತ್ತು ಸುಮ್ಮನಾಗಲಿಲ್ಲ, ಕೇಳಿದನು. ಹೊಡೆದವನು ಯಾರು, ಅವನ ರೂಪವೆಂಥದು, ಬಲವೆಷ್ಟು, ಮನೆಯೆಲ್ಲಿ ಎಂದು ಒಂದೊಂದಾಗಿ ಕೇಳಿದನು. ಆ ಮುದಿಹಕ್ಕಿಯು ರಾವಣನು ಯಾರ ಮಗ, ಯಾರ ತಮ್ಮ ಎನ್ನುವಷ್ಟರಲ್ಲಿ ಪ್ರಾಣವನ್ನು ಬಿಟ್ಟಿತು. ಚಿತೆ, ಪಿಂಡ, ಗೋದಾವರಿಯ ನೀರಿನ ತರ್ಪಣ, ಇವೆಲ್ಲ ಆಮೇಲಿನವು.

ಸಂದೇಹ, ಪಶ್ಚಾತ್ತಾಪ, ಪ್ರಶ್ನೆ, ಸಂಸ್ಕಾರ: ಇದು ರಾಮನ ಕ್ರಮ. ನಾವೋ, ಮೊದಲನೆಯದನ್ನೂ ಕೊನೆಯದನ್ನೂ ಇಟ್ಟುಕೊಂಡು ನಡುವಿನ ಎರಡನ್ನು ಬಿಟ್ಟಿದ್ದೇವೆ. ಪ್ರಶ್ನೆಯನ್ನು ಕೇಳದೆ ರಾಮನು ಚಿತೆಯನ್ನಷ್ಟೇ ಉರಿಸಿ ಮುಂದೆ ಹೋಗಿದ್ದರೆ ರಾಮಾಯಣವು ಅರಣ್ಯಕಾಂಡದಲ್ಲಿಯೇ ಮುಗಿಯುತ್ತಿತ್ತು.

೩

ಇನ್ನು ಈ ಕಾಲದ ಜಟಾಯುವನ್ನು ಹೊಡೆದವರು ಯಾರೆಂಬುದನ್ನು ನೋಡೋಣ. ಇದು ಊಹೆಯ ಮಾತಲ್ಲ. ಕೇಳಿದವರು ಇದ್ದರು, ಅವರಿಗೆ ಉತ್ತರ ಸಿಕ್ಕಿತು.

೧೯೮೦ರ ದಶಕದಲ್ಲಿ ಭಾರತದಲ್ಲಿ ಕೋಟಿಗಟ್ಟಳೆ ರಣಹದ್ದುಗಳಿದ್ದುವು. ಬಿಳಿಬೆನ್ನಿನ ರಣಹದ್ದಂತೂ ಜಗತ್ತಿನ ದೊಡ್ಡ ಬೇಟೆಹಕ್ಕಿಗಳಲ್ಲೆಲ್ಲ ಬಹುಶಃ ಅತ್ಯಂತ ಸಾಮಾನ್ಯವಾದುದೆಂದು ಎಣಿಸಲ್ಪಟ್ಟಿತ್ತು. ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ ಉದ್ಯಾನದಲ್ಲಿ ಇವುಗಳ ಗೂಡುಗಳನ್ನು ವರ್ಷವರ್ಷವೂ ಎಣಿಸುತ್ತಿದ್ದ ಬೊಂಬಾಯಿಯ ಪ್ರಕೃತಿ ವಿಜ್ಞಾನ ಸಂಘದ ವಿಭು ಪ್ರಕಾಶರು, ೧೯೯೦ರ ದಶಕದಲ್ಲಿ ಗೂಡುಗಳು ಬರಿದಾಗುತ್ತ ಬಂದುದನ್ನೂ, ಮರದ ಕೊಂಬೆಗಳ ಮೇಲೆ ಕತ್ತು ಜೋತುಬಿದ್ದ ಹಕ್ಕಿಗಳು ಕುಳಿತಿದ್ದು ಕೆಳಗೆ ಬಿದ್ದು ಸಾಯುವುದನ್ನೂ ಕಂಡು, ೧೯೯೯ರಲ್ಲಿ ಅದನ್ನು ಪ್ರಕಟಪಡಿಸಿದರು. ಮೊದಲಿಗೆ ಏನೋ ಸಾಂಕ್ರಾಮಿಕ ರೋಗವೆಂದೇ ಎಲ್ಲರೂ ಬಗೆದರು. ಪಾಕಿಸ್ತಾನದಲ್ಲಿ ಲಿಂಡ್ಸೆ ಓಕ್ಸ್ ಎಂಬ ಪಶುವೈದ್ಯರೂ ಅವರ ಸಂಗಡಿಗರೂ ಸತ್ತ ಹಕ್ಕಿಗಳನ್ನು ಹೂಳಲಿಲ್ಲ, ತೆರೆದರು. ಕರುಳು, ಪಿತ್ತಕೋಶ, ಹೃದಯಗಳ ಮೇಲೆಲ್ಲ ಸುಣ್ಣ ಬಳಿದಂತೆ ಬಿಳಿಯ ಹುಡಿ ಮೆತ್ತಿತ್ತು. ಅದು ಯೂರಿಕ್ ಆಮ್ಲದ ಹರಳು. ಹಕ್ಕಿಯ ಮೂತ್ರಪಿಂಡಗಳು ಕೆಲಸವನ್ನು ನಿಲ್ಲಿಸಿದರೆ ಹೊರಕ್ಕೆ ಹೋಗಬೇಕಾದ ಈ ವಸ್ತುವು ಮೈಯೊಳಗೆಯೇ ಗಟ್ಟಿಯಾಗಿ ನಿಲ್ಲುತ್ತದೆ. ಮೂತ್ರಪಿಂಡಗಳನ್ನು ಕೆಡಿಸಿದುದು ಯಾವುದು? ಅವರು ಸೋಂಕುಗಳನ್ನು ಹುಡುಕಿದರು, ಕೀಟನಾಶಕಗಳನ್ನು ಹುಡುಕಿದರು, ಸೀಸಾದಿ ಲೋಹಗಳನ್ನು ಹುಡುಕಿದರು, ಒಂದೂ ಹೊಂದಲಿಲ್ಲ. ಕೊನೆಗೆ ದನಗಳಿಗೆ ನೋವು, ಬಾವು, ಜ್ವರಗಳಲ್ಲಿ ಚುಚ್ಚುವ ಒಂದು ಅಗ್ಗದ ಮದ್ದಿನ ಮೇಲೆ ಕಣ್ಣು ಬಿದ್ದಿತು. ಅದರ ಹೆಸರು ಡೈಕ್ಲೋಫೆನಾಕ್. ಹೀಗೆ ಸತ್ತ ಪ್ರತಿಯೊಂದು ಹಕ್ಕಿಯ ಮೂತ್ರಪಿಂಡದಲ್ಲಿಯೂ ಅದು ಸಿಕ್ಕಿತು. ಬೇರೆ ಕಾರಣಗಳಿಂದ ಸತ್ತವುಗಳಲ್ಲಿ ಸಿಕ್ಕಲಿಲ್ಲ. ೨೦೦೪ರಲ್ಲಿ ಈ ಸಂಗತಿ ಲೋಕಕ್ಕೆ ತಿಳಿಯಿತು.

ಸೂಜಿಮದ್ದು ಚುಚ್ಚಿಸಿಕೊಂಡ ದನವು ಬದುಕಿದರೆ ತೊಂದರೆಯಿಲ್ಲ. ಎರಡು ಮೂರು ದಿನಗಳೊಳಗೆ ಸತ್ತರೆ ಅದರ ಮೈಯಲ್ಲಿ ಮದ್ದಿನ ಶೇಷವಿರುತ್ತದೆ. ರಣಹದ್ದುಗಳು ಒಂಟಿಯಾಗಿ ಉಣ್ಣುವ ಹಕ್ಕಿಗಳಲ್ಲ. ಒಂದು ಇಳಿಯುವುದನ್ನು ಕಂಡು ಮತ್ತೊಂದು, ಅದನ್ನು ಕಂಡು ಮಗುದೊಂದು, ಹೀಗೆ ಹತ್ತಾರು ಮೈಲಿಗಳ ಆಕಾಶವೇ ಒಂದು ಹೆಣದ ಮೇಲೆ ಇಳಿಯುತ್ತದೆ. ಆದುದರಿಂದ ಒಂದು ದನ ಒಂದು ಹಿಂಡನ್ನೇ ಕೊಲ್ಲಬಲ್ಲುದು. ಇಷ್ಟು ದೊಡ್ಡ ನಾಶಕ್ಕೆ ಎಷ್ಟು ಹೆಣಗಳು ವಿಷವಾಗಿರಬೇಕೆಂದು ಲೆಕ್ಕ ಹಾಕಿದವರಿಗೆ ಬಂದ ಉತ್ತರವು ನೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ತಾನು ಮೊಟ್ಟೆಯಿಡಬೇಕಾದರೆ ಐದಾರು ವರ್ಷ ಬೇಕು. ಇಂಥ ನಿಧಾನವಾದ ಬಾಳಿಗೆ ಅಂಥ ಅವಸರದ ಸಾವು ಎದುರಾದರೆ ಆಗುವುದೇನು? ೧೯೯೨ಕ್ಕೂ ೨೦೦೭ಕ್ಕೂ ನಡುವೆ ಬಿಳಿಬೆನ್ನಿನ ರಣಹದ್ದು ಸಾವಿರದಲ್ಲಿ ಒಂದರಷ್ಟಕ್ಕೆ ಇಳಿಯಿತು. ಉದ್ದಕೊಕ್ಕಿನದೂ ಸಪುರಕೊಕ್ಕಿನದೂ ಸೇರಿ ನೂರರಲ್ಲಿ ಮೂರರಷ್ಟಕ್ಕೆ ಬಂದುವು. ಹದಿನೈದು ವರ್ಷ, ಒಂದು ಮಗು ಹುಟ್ಟಿ ಪ್ರೌಢಶಾಲೆಯನ್ನು ಮುಗಿಸುವಷ್ಟು ಕಾಲ.

ಬಾಣ ಬಿಟ್ಟವನು ಬೇಟೆಗಾರನಲ್ಲ, ರಾಕ್ಷಸನೂ ಅಲ್ಲ. ಅದು ನಮ್ಮ ಕೊಟ್ಟಿಗೆಯಿಂದ ಹೊರಟಿತು; ಹಸುವಿನ ಮೇಲಿನ ಕನಿಕರದಿಂದ, ನಮ್ಮವರೇ ಹಣ ಕೊಟ್ಟು ತರಿಸಿದ ಶೀಷೆಯಿಂದ ಹೊರಟಿತು. ನಮಗೆ ಈ ಪ್ರಶ್ನೆಯನ್ನು ಕೇಳಲು ಹಿಂಜರಿಕೆಯಾಗುವುದು ಬಹುಶಃ ಇದರಿಂದಲೇ.

೪

ಹೀಗೆ ಹೇಳಿದರೆ ಎದುರು ಹೇಳುವವರು ನಾಲ್ಕು ಬಗೆಯವರಿದ್ದಾರೆ. ಅವರ ಮಾತುಗಳನ್ನು ಒಂದೊಂದಾಗಿ ವಿಚಾರಿಸಿ ಸಮಾಧಾನ ಹೇಳುವುದು ನ್ಯಾಯ.

ಮೊದಲನೆಯವರು ಹೇಳುವುದು: "ಹೆಣ ತಿನ್ನುವ ಹಕ್ಕಿ, ಅದಕ್ಕೆ ಇಷ್ಟು ಮರುಕವೇಕೆ? ನವಿಲಿಗೆ ಬಂದ ಕಷ್ಟವೆ? ಗಿಳಿಗೆ ಬಂದ ಕಷ್ಟವೆ?"

ಈ ಮಾತಿನ ಬೇರು ನಮ್ಮ ನಾಲಗೆಯಲ್ಲಿದೆ. ಬಡ್ಡಿಗೆ ಸಾಲ ಕೊಟ್ಟು ಮನೆ ಹರಾಜು ಹಾಕಿಸುವವನನ್ನು ರಣಹದ್ದೆನ್ನುತ್ತೇವೆ. ದಾಯಾದಿಯ ಸಾವಿಗೆ ಕಾಯುವವನನ್ನು ರಣಹದ್ದೆನ್ನುತ್ತೇವೆ. ಹಕ್ಕಿಯ ಮೇಲೆ ಇದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿಲ್ಲ. ಅದು ಜೀವವಿರುವುದನ್ನು ಕೊಲ್ಲುವುದಿಲ್ಲ. ಸತ್ತುದನ್ನು ನೆಲದ ಮೇಲೆ ಕೊಳೆಯಗೊಡುವುದಿಲ್ಲ. ನಾವು ಮೂಗು ಮುಚ್ಚಿಕೊಂಡು ದೂರ ಸರಿಯುವ ದನದ ಹೆಣವನ್ನು ಒಂದು ಹಿಂಡು ಗಂಟೆಯೊಳಗೆ ಎಲುಬಿಗೆ ತರುತ್ತಿತ್ತು. ಕೂಲಿಯಿಲ್ಲದೆ, ಕಂದಾಯವಿಲ್ಲದೆ, ಊರಿಗೆ ಇಷ್ಟು ದೊಡ್ಡ ಉಪಕಾರವನ್ನು ಮಾಡಿದ ಮತ್ತೊಂದು ಪ್ರಾಣಿಯುಂಟೆ? ಅದು ಹೋದ ಮೇಲೆ ಆ ಹೆಣಗಳು ನಾಯಿಗಳ ಪಾಲಾದುವು, ಇಲಿಗಳ ಪಾಲಾದುವು, ಕೆರೆಕಾಲುವೆಗಳ ಪಾಲಾದುವು. ನಾಯಿ ಹೆಚ್ಚಿದಲ್ಲಿ ಹುಚ್ಚುನಾಯಿಯ ಕಡಿತವೂ ಹೆಚ್ಚುವುದು. ಈಯಾಲ್ ಫ್ರಾಂಕ್ ಮತ್ತು ಅನಂತ ಸುದರ್ಶನ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು, ಹಿಂದೆ ರಣಹದ್ದುಗಳು ತುಂಬಿದ್ದ ಜಿಲ್ಲೆಗಳ ಮರಣದ ಲೆಕ್ಕವನ್ನೂ ಅವು ಮೊದಲಿನಿಂದಲೂ ವಿರಳವಾಗಿದ್ದ ಜಿಲ್ಲೆಗಳ ಲೆಕ್ಕವನ್ನೂ ತೂಗಿ ನೋಡಿ ೨೦೨೪ರಲ್ಲಿ ಪ್ರಕಟಪಡಿಸಿದ ಪ್ರಬಂಧದಲ್ಲಿ, ಹದ್ದುಗಳನ್ನು ಕಳೆದುಕೊಂಡ ಜಿಲ್ಲೆಗಳಲ್ಲಿ ಮನುಷ್ಯರ ಮರಣವು ನೂರಕ್ಕೆ ನಾಲ್ಕರಷ್ಟು ಏರಿತೆಂದೂ, ೨೦೦೦ದಿಂದ ೨೦೦೫ರವರೆಗೆ ಸುಮಾರು ಐದು ಲಕ್ಷ ಜನ ಹೆಚ್ಚಾಗಿ ಸತ್ತರೆಂದೂ ತೋರಿಸಿದ್ದಾರೆ. ಹಕ್ಕಿಗಾಗಿ ಮರುಗಲಾರದವರು ಮನುಷ್ಯರಿಗಾಗಿಯಾದರೂ ಮರುಗಬಹುದು. ಆ ಐದು ಲಕ್ಷ ಮನೆಗಳಲ್ಲಿ ಒಂದು ಮನೆಯವರಿಗೂ ತಮ್ಮ ಮನೆಯ ಸಾವಿಗೆ ಒಂದು ಹಕ್ಕಿಯ ಸಾವು ಕಾರಣವೆಂದು ತಿಳಿದಿರಲಾರದು.

ಎರಡನೆಯವರ ಮಾತು ಇದಕ್ಕಿಂತ ಗಂಭೀರವಾದುದು: "ದನದ ನೋವು ನೋವಲ್ಲವೆ? ಕೆಚ್ಚಲು ಬಾತು, ಕಾಲು ಮುರಿದು ಒದ್ದಾಡುವ ಹಸುವಿಗೆ ಮದ್ದು ಕೊಡಬೇಡವೆನ್ನುವ ನೀವು ಯಾವ ದಯಾಪರರು?"

ದನವನ್ನು ನಂಬಿ ಬದುಕುವ ರೈತನು ಈ ಮಾತನ್ನಾಡಿದರೆ ತಲೆಬಾಗಿ ಕೇಳಬೇಕು. ಆದರೆ ಉತ್ತರವಿದೆ, ಬಹುಕಾಲದಿಂದ ಇದೆ. ದನದ ನೋವನ್ನು ಅಷ್ಟೇ ಚೆನ್ನಾಗಿ ಕಳೆಯುವ, ರಣಹದ್ದಿಗೆ ಕೇಡು ಮಾಡದ ಮೆಲಾಕ್ಸಿಕಾಮ್ ಎಂಬ ಮದ್ದನ್ನು ಪರೀಕ್ಷಿಸಿ ೨೦೦೬ರಲ್ಲಿಯೇ ತಿಳಿಯಪಡಿಸಿದರು. ಆಮೇಲೆ ಟಾಲ್ಫೆನಾಮಿಕ್ ಆಮ್ಲವೆಂಬ ಮತ್ತೊಂದು ಮದ್ದೂ ಹಾಗೆಯೇ ಎಂದು ಗೊತ್ತಾಯಿತು. ಎರಡೂ ನಮ್ಮ ದೇಶದಲ್ಲಿ ಸಿಕ್ಕುತ್ತವೆ. ಹಾಗಿರುವಾಗ ಹಸುವೋ ಹದ್ದೋ ಎಂಬ ಪ್ರಶ್ನೆಯೇ ಇಲ್ಲ. ಈ ಶೀಷೆಯೋ ಆ ಶೀಷೆಯೋ ಎಂಬುದಷ್ಟೇ ಪ್ರಶ್ನೆ. ಹಸುವನ್ನು ಮುಂದೆ ನಿಲ್ಲಿಸಿ ಅದರ ಹಿಂದೆ ಅವಿತುಕೊಳ್ಳುವುದು ಹಳೆಯ ಅಭ್ಯಾಸ, ಅಂಗಡಿಯ ದಾಸ್ತಾನು, ಮತ್ತು ನಮ್ಮ ಸೋಮಾರಿತನ.

ಮೂರನೆಯವರು ಕಾಯಿದೆಯನ್ನು ತೋರಿಸುತ್ತಾರೆ: "ಸರಕಾರವು ಆ ಮದ್ದನ್ನು ನಿಷೇಧಿಸಿದೆಯಲ್ಲವೆ? ಇನ್ನೇನು ಬೇಕು?"

ನಿಷೇಧವಾದುದು ನಿಜ; ೨೦೦೬ರಲ್ಲಿ ದನದ ಡೈಕ್ಲೋಫೆನಾಕ್ ನಿಂತಿತು. ಆದರೆ ಮನುಷ್ಯರಿಗೆಂದು ಮಾಡಿದ ಅದೇ ಮದ್ದು, ಮನುಷ್ಯನೊಬ್ಬನಿಗೆ ಎಂದೂ ಬೇಕಾಗದಷ್ಟು ದೊಡ್ಡ ಶೀಷೆಗಳಲ್ಲಿ ತುಂಬಿ ಬರತೊಡಗಿತು. ಮೂವತ್ತು ಮಿಲಿಲೀಟರಿನ ಆ ಶೀಷೆ ಯಾವ ರೋಗಿಗಾಗಿ ಎಂಬುದನ್ನು ಅದರ ಅಳತೆಯೇ ಹೇಳುತ್ತಿತ್ತು. ೨೦೦೭ರಿಂದ ೨೦೧೦ರವರೆಗೆ ಹನ್ನೊಂದು ರಾಜ್ಯಗಳ ಔಷಧದ ಅಂಗಡಿಗಳಿಗೆ ಹೋಗಿ ದನಕ್ಕೆ ಮದ್ದು ಬೇಕೆಂದು ಕೇಳಿ ನೋಡಿದವರಿಗೆ, ಮೂರರಲ್ಲಿ ಒಂದಕ್ಕಿಂತಲೂ ಹೆಚ್ಚು ಅಂಗಡಿಗಳಲ್ಲಿ ಡೈಕ್ಲೋಫೆನಾಕ್ ಸಿಕ್ಕಿತು. ದೊಡ್ಡ ಶೀಷೆಗಳು ನಿಂತುದು ೨೦೧೫ರಲ್ಲಿ; ಒಂದು ಶೀಷೆಗೆ ಮೂರು ಮಿಲಿಲೀಟರು ಮಾತ್ರ ಎಂದಾಯಿತು. ಮದ್ದು ಮಾಡುವವರು ಅದನ್ನೂ ನ್ಯಾಯಾಲಯಕ್ಕೆ ಒಯ್ದರು. ೨೦೧೭ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು ನಿಷೇಧವನ್ನು ಎತ್ತಿಹಿಡಿಯಿತು.

ಅಷ್ಟರಲ್ಲಿ ಅದೇ ಗುಣದ ಬೇರೆ ಮದ್ದುಗಳು ಕೊಟ್ಟಿಗೆಯನ್ನು ಸೇರಿದ್ದುವು. ಕೀಟೋಪ್ರೊಫೆನ್ ರಣಹದ್ದನ್ನು ಕೊಲ್ಲುವುದೆಂದು ೨೦೧೦ರ ಹೊತ್ತಿಗೆ ತಿಳಿದಿತ್ತು. ಅಸಿಕ್ಲೋಫೆನಾಕ್ ಎಂಬುದು ದನದ ಮೈಯೊಳಗೆ ಹೋದ ಸ್ವಲ್ಪ ಹೊತ್ತಿನಲ್ಲಿಯೇ ಡೈಕ್ಲೋಫೆನಾಕ್ ಆಗಿ ಮಾರ್ಪಡುವುದೆಂದು ೨೦೧೬ರಲ್ಲಿ ತೋರಿಸಿಕೊಟ್ಟರು. ವೇಷ ಬದಲಿಸಿಕೊಂಡು ಬಂದ ಅದೇ ರಾಕ್ಷಸ. ಇವೆರಡನ್ನೂ ನಿಷೇಧಿಸಿದುದು ೨೦೨೩ರಲ್ಲಿ. ನಿಮೆಸುಲೈಡನ್ನು ೨೦೨೪ರ ಡಿಸೆಂಬರಿನ ಕೊನೆಯಲ್ಲಿ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯುಂಟು. ಇಲ್ಲಿ ಕೊಳ್ಳೆಹೋದ ಮೇಲೆ ಒಂದು ಬಾಗಿಲು ಹಾಕಿ, ಪಕ್ಕದ ಬಾಗಿಲಿನಿಂದ ಮತ್ತೊಮ್ಮೆ ಕೊಳ್ಳೆಹೋಗುವವರೆಗೆ ಕಾದು, ಆಮೇಲೆ ಅದನ್ನು ಹಾಕಿದ್ದೇವೆ.

ಇದರಲ್ಲಿರುವ ದೋಷವು ಒಬ್ಬ ಅಧಿಕಾರಿಯದಲ್ಲ, ಒಂದು ಸರಕಾರದ್ದೂ ಅಲ್ಲ. ನ್ಯಾಯದ ಕ್ರಮದಲ್ಲಿಯೇ ಇದೆ. ಮದ್ದು ನಿರಪರಾಧಿಯೆಂದು ಮೊದಲೇ ತೀರ್ಮಾನವಾಗಿದೆ. ಅದು ತಪ್ಪಿತಸ್ಥನೆಂದು ರುಜುವಾತು ಪಡಿಸುವ ಹೊಣೆ ಹಕ್ಕಿಯ ಮೇಲೆ ಬಿದ್ದಿದೆ, ಮತ್ತು ಆ ರುಜುವಾತನ್ನು ಹಕ್ಕಿ ತನ್ನ ಹೆಣದಿಂದಲೇ ಒದಗಿಸಬೇಕು. ನಾವೋ ಆ ಹೆಣವನ್ನೂ ತೆರೆಯದೆ ಹೂಳುತ್ತೇವೆ. ಸಾಕ್ಷಿಯನ್ನು ಹೂತು ಸಾಕ್ಷಿಯಿಲ್ಲವೆನ್ನುವ ವಾದವನ್ನು ಯಾವ ನ್ಯಾಯಸ್ಥಾನವು ಒಪ್ಪೀತು?

ನಾಲ್ಕನೆಯವರು ಸಾಧುಗಳು, ಅವರ ಮಾತು ಕಿವಿಗೆ ಇಂಪಾದುದು: "ಅವುಗಳನ್ನು ಸಾಕಿ ಮರಿಮಾಡಿಸುತ್ತಿದ್ದಾರೆ, ವನ್ಯಧಾಮವನ್ನು ಮಾಡಿದ್ದಾರೆ, ಎಲ್ಲವೂ ಸರಿಹೋದೀತು."

ಹರಿಯಾಣದ ಪಿಂಜೋರಿನಲ್ಲಿ ೨೦೦೧ರಲ್ಲಿ ಆರಂಭವಾದ ಕೇಂದ್ರವು ಈ ಹಕ್ಕಿಗಳನ್ನು ಸಾಕಿ ಮರಿಮಾಡಿಸಿ ದೊಡ್ಡ ಕೆಲಸವನ್ನು ಮಾಡಿದೆ. ಅದಕ್ಕೆ ಜಟಾಯುವಿನ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ನಾಡಿನಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ೨೦೧೨ರಲ್ಲಿ ರಣಹದ್ದುಗಳಿಗಾಗಿಯೇ ವನ್ಯಧಾಮವೆಂದು ಸಾರಿದರು. ೧೯೭೫ರಲ್ಲಿ ತೆರೆ ಕಂಡ 'ಶೋಲೆ' ಚಿತ್ರದಿಂದ ದೇಶಕ್ಕೆಲ್ಲ ಪರಿಚಿತವಾದ ಆ ಹೆಬ್ಬಂಡೆಗಳ ಸಂದುಗಳಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡು ಮಾಡುತ್ತ ಬಂದಿದೆ. ರಾಮನ ಹೆಸರಿನ ಬೆಟ್ಟದಲ್ಲಿ ಜಟಾಯುವಿನ ಸಂತತಿ! ಇದಕ್ಕಿಂತ ಒಪ್ಪುವ ಮನೆ ಬೇರೆಲ್ಲಿ? ಆದರೆ ಆ ಧಾಮದ ವಿಸ್ತಾರ ಸುಮಾರು ೩೪೬ ಹೆಕ್ಟೇರು. ಹಕ್ಕಿಯೋ ಅನ್ನವನ್ನು ಹುಡುಕಿಕೊಂಡು ಒಂದೇ ದಿನದಲ್ಲಿ ಹತ್ತಾರು ಮೈಲಿ ಹಾರತಕ್ಕುದು. ಮಲಗುವ ಕೋಣೆಗೆ ಕಾವಲಿಟ್ಟು ಅಡಿಗೆಮನೆಯಲ್ಲಿ ವಿಷವನ್ನು ಬಿಟ್ಟಂತಾಯಿತು. ಈಗ ಅಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು ಹಕ್ಕಿ. ಸಾಕಿದ ಮರಿಗಳ ಮಾತೂ ಹಾಗೆಯೇ: ಪಂಜರದ ಬಾಗಿಲನ್ನು ತೆರೆದ ದಿನ ಅವು ಇಳಿಯಬೇಕಾದುದು ನಮ್ಮ ದನಗಳ ಹೆಣದ ಮೇಲೆಯೇ ಅಲ್ಲವೆ? ಕೊಟ್ಟಿಗೆಯು ಶುದ್ಧವಾಗದೆ ಆಕಾಶವು ತುಂಬುವುದಿಲ್ಲ.

ಕೊಟ್ಟಿಗೆಯನ್ನು ಶುದ್ಧಮಾಡುವುದು ಅಸಾಧ್ಯವೆನ್ನುವವರು ನೇಪಾಳದ ಕಡೆ ನೋಡಬೇಕು. ಅಲ್ಲಿಯ ಪಿಠೌಲಿ ಎಂಬ ಗ್ರಾಮದವರು ೨೦೦೬ರಿಂದ ಗೊಡ್ಡು ಹಸುಗಳನ್ನು ಸಾಕಿಕೊಂಡು, ಅವು ಸಹಜವಾಗಿ ಸತ್ತ ಮೇಲೆ ವಿಷವಿಲ್ಲದ ಆ ಹೆಣಗಳನ್ನು ರಣಹದ್ದುಗಳಿಗೆ ಬಿಡುತ್ತ ಬಂದರು. ಸುತ್ತಣ ಜಿಲ್ಲೆಗಳ ಅಂಗಡಿಗಳಿಂದ ಕೆಟ್ಟ ಮದ್ದನ್ನು ತೆಗೆಸಿ ಮೆಲಾಕ್ಸಿಕಾಮನ್ನು ಇಡಿಸಿದರು. ಹತ್ತು ಹನ್ನೆರಡು ವರ್ಷಗಳಲ್ಲಿ ಅಲ್ಲಿ ಇಳಿಮುಖ ನಿಂತು ಬಿಳಿಬೆನ್ನಿನ ರಣಹದ್ದು ಮತ್ತೆ ಸ್ವಲ್ಪಮಟ್ಟಿಗೆ ಹೆಚ್ಚಿತು. ಆ ಹಳ್ಳಿಯವರು ನಮಗಿಂತ ಹಣವಂತರಲ್ಲ. ಪ್ರಶ್ನೆಯನ್ನು ಕೇಳಿ ಉತ್ತರವನ್ನು ಕೇಳಿಸಿಕೊಂಡವರು, ಅಷ್ಟೆ.

೫

ಬಂಡೀಪುರ, ನಾಗರಹೊಳೆ, ಮುದುಮಲೆ, ವಯನಾಡುಗಳು ಕೂಡುವ ಆ ಕಾಡಿನಲ್ಲಿ ಇಂದು ಕೆಲವು ನೂರು ರಣಹದ್ದುಗಳಿವೆ. ದಕ್ಷಿಣದೇಶಕ್ಕೆ ಉಳಿದಿರುವ ಮುಖ್ಯವಾದ ಆಸ್ತಿ ಇದು. ಕಾಡಿನೊಳಗೆ ಹುಲಿ ಕೊಂದ ಜಿಂಕೆ ಕಡವೆಗಳ ಮಾಂಸದಲ್ಲಿ ಮದ್ದಿನ ವಿಷವಿಲ್ಲವಾದುದರಿಂದ ಅವು ಉಳಿದುವೆಂದು ಬಲ್ಲವರು ಹೇಳುತ್ತಾರೆ. ಆದರೆ ಹಕ್ಕಿಗೆ ಕಾಡಿನ ಗಡಿ ತಿಳಿಯದು. ಕಾಡಂಚಿನ ಊರಿನಲ್ಲಿ ಸತ್ತ ಎತ್ತು ಅದಕ್ಕೆ ಕಾಡಿನ ಕಡವೆಯಷ್ಟೇ ಸಮೀಪ. ಹುಲಿಚಿರತೆಗಳ ಮೇಲಿನ ಸೇಡಿನಿಂದ ಹೆಣಕ್ಕೆ ವಿಷ ಹಾಕುವ ಅವಿವೇಕವೂ ಇದೇ ಗಡಿಯಲ್ಲಿ ನಡೆಯುವುದುಂಟು. ಆದುದರಿಂದ ಆ ಹುಣಸೆಯ ಮರದ ಬುಡದಲ್ಲಿ ಕುಳಿತಿದ್ದ ಹಕ್ಕಿ ಕೇವಲ ಒಂದು ಹಕ್ಕಿಯಾಗಿರಲಿಲ್ಲ. ಅದು ಕಾಡಿನಿಂದ ಊರಿಗೆ ಬಂದ ಓಲೆ. ನಾವು ಓಲೆಯನ್ನು ಒಡೆಯದೆ, ಹೂವೇರಿಸಿ, ಹೂತುಬಿಟ್ಟೆವು.

ಓದು ಬಲ್ಲ ಮನೆಗಳಿಗೆ ನನ್ನ ಬಿನ್ನಹ ಇಷ್ಟು.

ಮೊದಲನೆಯದು, ಎಲ್ಲಿಯೇ ಆಗಲಿ ರಣಹದ್ದೊಂದು ಸತ್ತರೆ ಅದನ್ನು ಕಡ್ಡಾಯವಾಗಿ ತೆರೆದು ನೋಡಬೇಕು; ಅದರ ಮೂತ್ರಪಿಂಡದ ಚೂರು ಪ್ರಯೋಗಶಾಲೆಗೆ ಹೋಗಬೇಕು; ಅಲ್ಲಿಂದ ಬಂದ ಉತ್ತರವು ಕಚೇರಿಯ ಕಡತದಲ್ಲಿ ಮಲಗದೆ ಆ ಜಿಲ್ಲೆಯ ಪತ್ರಿಕೆಗಳಲ್ಲಿ ಅಚ್ಚಾಗಬೇಕು. ಹಕ್ಕಿ ಬಿದ್ದ ಸುದ್ದಿಯನ್ನು ಚಿತ್ರಸಹಿತವಾಗಿ ಹಾಕುವ ಪತ್ರಿಕೆಯವರು ತಿಂಗಳ ಮೇಲೆ, "ಪರೀಕ್ಷೆಯಲ್ಲಿ ಕಂಡುದೇನು?" ಎಂದು ಎರಡು ಸಾಲು ಬರೆಯಲಿ. ಬರೆಯದಿದ್ದರೆ ನಾವು ಒಂದು ಕಾಗದ ಹಾಕಿ ಕೇಳೋಣ.

ಎರಡನೆಯದು, ದನಕ್ಕೆ ಕೊಡುವ ನೋವಿನ ಮದ್ದು ಯಾವುದೇ ಇರಲಿ, ರಣಹದ್ದಿಗೆ ಅದರಿಂದ ಕೇಡಿಲ್ಲವೆಂದು ಮೊದಲು ತೋರಿಸಿದ ಮೇಲೆಯೇ ಅದಕ್ಕೆ ಪರವಾನಗಿ ದೊರೆಯಬೇಕು. ತೋರಿಸುವ ಹೊಣೆ ಮದ್ದು ಮಾಡುವವರದು, ವೆಚ್ಚವೂ ಅವರದು. ಒಂದೊಂದು ಮದ್ದಿಗೂ ಒಂದೊಂದು ದಶಕದ ಹೆಣಗಳನ್ನು ಎಣಿಸುವ ಈಗಿನ ಪದ್ಧತಿ ಸಲ್ಲದು.

ಮೂರನೆಯದು ನಮ್ಮ ಮನೆಯ ಅಂಗಳದ ಮಾತು. ಪಟ್ಟಣದಲ್ಲಿರುವ ನಮ್ಮಲ್ಲಿ ಅನೇಕರಿಗೆ ಹಳ್ಳಿಯಲ್ಲಿ ಜಮೀನುಂಟು, ಕೊಟ್ಟಿಗೆಯುಂಟು, ದನಗಳನ್ನು ನೋಡಿಕೊಳ್ಳುವ ಅಣ್ಣಂದಿರೋ ಗೇಣಿದಾರರೋ ಉಂಟು. ಮುಂದಿನ ಸಲ ಊರಿಗೆ ಹೋದಾಗ ದನದ ಡಾಕ್ಟರು ತಂದ ಶೀಷೆಯ ಹೆಸರನ್ನು ಓದಿ ನೋಡೋಣ. "ಮೆಲಾಕ್ಸಿಕಾಮ್ ಕೊಡಿ, ಸ್ವಾಮಿ" ಎಂದು ಮರ್ಯಾದೆಯಿಂದ ಕೇಳಿದರೆ ಇಲ್ಲವೆನ್ನುವ ವೈದ್ಯರು ವಿರಳ. ಹಾಲಿನ ಸಂಘಗಳಲ್ಲಿ ಸದಸ್ಯರಾಗಿರುವವರು ಸಂಘದ ಔಷಧದ ಪಟ್ಟಿಯನ್ನು ಸಭೆಯಲ್ಲಿ ಓದಿಸಲಿ. ಮದ್ದು ಚುಚ್ಚಿಸಿಕೊಂಡು ಸತ್ತ ದನವನ್ನು ಬಯಲಿಗೆ ಎಸೆಯದೆ ಹೂಳಿಸಲಿ. ಇದಕ್ಕೆ ಕಾಯಿದೆ ಬೇಡ, ಕಮಿಟಿ ಬೇಡ. ಒಂದು ಮಾತು ಸಾಕು.

ದಯೆ ದೊಡ್ಡ ಗುಣವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಹುಡುಗಿ ತಂದಿಟ್ಟ ಚೆಂಬು ನೀರನ್ನು ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ. ಆ ಹಕ್ಕಿ ಒಂದು ಗುಟುಕನ್ನೂ ಕುಡಿಯಲಿಲ್ಲ. ಆದರೆ ದಯೆಯು ಬಿದ್ದ ಹಕ್ಕಿಯ ಬಳಿಯಲ್ಲಿಯೇ ನಿಂತುಬಿಟ್ಟರೆ, ಹಾರುತ್ತಿರುವ ಹಕ್ಕಿಯನ್ನು ಕಾಯುವವರು ಯಾರು? ಕೈಮುಗಿಯುವುದು ಸುಲಭ, ಹಾರ ಹಾಕುವುದು ಸುಲಭ. ಕೇಳುವುದು ಕಷ್ಟ, ಏಕೆಂದರೆ ಕೇಳಿದರೆ ಉತ್ತರ ಬರುತ್ತದೆ, ಆ ಉತ್ತರದಲ್ಲಿ ನಮ್ಮ ಹೆಸರೂ ಇರುತ್ತದೆ.

ಮಾವನವರು ಮೊನ್ನೆ ಕಾಗದ ಬರೆದಿದ್ದರು. ಈ ಸಲದ ಬೇಸಗೆಯಲ್ಲಿ ಊರ ಮೇಲೆ ಒಂದು ರಣಹದ್ದು 'ತಿರುಗುತ್ತಿತ್ತಂತೆ'. ಮಕ್ಕಳೆಲ್ಲ ಕೂಗಿಕೊಂಡು ಹೊರಗೆ ಓಡಿದರಂತೆ. ನಾನು ಉತ್ತರ ಬರೆಯುವಾಗ ಕ್ಷೇಮಸಮಾಚಾರದ ಕೆಳಗೆ ಒಂದೇ ಒಂದು ಸಾಲನ್ನು ಸೇರಿಸಿದೆನು: ನಮ್ಮ ಕೊಟ್ಟಿಗೆಯ ಗೂಡಿನಲ್ಲಿರುವ ಶೀಷೆ ಯಾವುದೆಂದು ದಯವಿಟ್ಟು ನೋಡಿ ತಿಳಿಸಬೇಕು.